ಗಡಿಯಾಚೆಯ ಡೀಸೆಲ್

"ಬಾಯಿ ಇರೋದು ಬರೀ ತಿನ್ನೋಕೇನೋ ಬೋಳಿಮಗನೆ? ಹಾಕೋ ಪೈಪಿಗೆ!"

ಯಜಮಾನರು ಬೈದದ್ದು ನನ್ನ ಭಾವನಿಗೆ. ಅಕ್ಕನ ಗಂಡ, ನನಗೆ ಲಾರಿ ಓಡಿಸಲು ಕಲಿಸಿದವನು. ಯಾರ್ಡಿನ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಲಾರಿ ಟ್ಯಾಂಕಿಗೆ ಇಳಿಬಿಟ್ಟ ಪೈಪಿನ ಇನ್ನೊಂದು ತುದಿಯನ್ನು ಅಂಗಿಗೆ ಒರೆಸುತ್ತಿದ್ದ.

ನಮ್ಮ ಕಡೆ ಡೀಸೆಲ್ ಮೇಲೆ ತೆರಿಗೆ ಜಾಸ್ತಿ, ಗಡಿ ದಾಟಿದರೆ ಕಡಿಮೆ. ಹಾಗಾಗಿ ಈಚೆಯ ಬಂಕಿಗೆ ಲಾರಿ ತಿರುಗಿಸಿದವನ ಕೆಲಸ ಅವತ್ತಿಗೇ ಮುಗಿಯಿತು. ಹೋಗುವಾಗ ತಳದಲ್ಲಿ ಉಳಿದಷ್ಟರಲ್ಲೇ ಗಡಿ ಮುಟ್ಟಬೇಕು, ಬರುವಾಗ ಕಂಠಪೂರ್ತಿ ತುಂಬಿಸಿಕೊಂಡು ಬರಬೇಕು. ಬಂದ ಮೇಲೆ ಅದನ್ನು ಪೈಪಿನಲ್ಲಿ ಬಾಯಿಂದ ಎಳೆದು ಡ್ರಮ್ಮಿಗೆ ಇಳಿಸಬೇಕು. ಗಡಿ ದಾಟದ ಲಾರಿಗಳಿಗೆ, ಯಜಮಾನರ ಕಾರಿಗೆ, ಮನೆಯ ಜನರೇಟರಿಗೆ ಎಲ್ಲಕ್ಕೂ ಅದೇ ಡೀಸೆಲ್. ಒಂದು ಕೈಪಂಪು ಕೊಡಿಸಿ ಎಂದು ಕೇಳಿದ್ದೆವು. "ನಿಮ್ಮ ಬಾಯಿಗಿಂತ ದೊಡ್ಡ ಪಂಪು ಎಲ್ಲಿ ಸಿಗುತ್ರೋ?" ಎಂದು ನಕ್ಕಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಭಾವನಿಗೆ ಈಗೀಗ ಉಪ್ಪು ಖಾರ ಯಾವುದೂ ನಾಲಿಗೆಗೆ ತಿಳಿಯುವುದಿಲ್ಲ. ಅಕ್ಕ ಏನು ಬಡಿಸಿದರೂ ಚೆನ್ನಾಗಿದೆ ಅನ್ನುತ್ತಾನೆ. ಇಂಥ ಗಂಡ ಎಲ್ಲರಿಗೂ ಸಿಗಲಪ್ಪ ಎಂದು ಅವಳು ನಗುತ್ತಾಳೆ.

ಬೈದು ಮುಗಿಸಿ ಯಜಮಾನರು ಕಾರಿಗೆ ಒರಗಿ ಫೋನಿನಲ್ಲಿ ಯಾರಿಗೋ ಗೋಳು ಹೇಳಿಕೊಳ್ಳತೊಡಗಿದರು. "ತೆರಿಗೆ ಹಾಕಿ ಹಾಕಿ ಸರ್ಕಾರ ರಕ್ತ ಹೀರ್ತಿದೆ ಕಣ್ರೀ. ನಮ್ಮಂಥೋರು ಬದುಕೋದು ಹೆಂಗೆ?"

ಭಾವ ಪೈಪು ಹೀರುತ್ತಿದ್ದ. ಡೀಸೆಲ್ ಬಾಯಿ ಮುಟ್ಟುವ ಹೊತ್ತಿಗೆ ಸರಿಯಾಗಿ ಉಸಿರು ಹಿಡಿದು ಪೈಪು ಕೆಳಗಿಳಿಸಬೇಕು. ಆ ಹದ ನನಗೆ ಕಲಿಸಿದವನೂ ಅವನೇ.

"ಲೇ, ನಾಳೆ ಲೋಡಿಗೆ ನೀನೇ ಹೋಗ್ಬೇಕು, ಗೊತ್ತಾಯ್ತಾ?" ಯಜಮಾನರು ಫೋನು ಜೇಬಿಗಿಟ್ಟು ಕೇಳಿದರು.

ಭಾವನ ಬಾಯಲ್ಲಿ ಪೈಪಿತ್ತು.

"ಕಿವಿ ಸತ್ತೋಗಿದೆಯೇನೋ? ಧಣಿ ಮಾತಾಡಿದ್ರೆ ಹೂಂ ಅನ್ನೋಕೂ ಆಗಲ್ವಾ, ಸೂಳೆಮಗನೆ?"

ವರ್ಷಗಟ್ಟಲೆಯ ರೂಢಿ. ಅವರು ಗದರಿದರೆ ಭಾವನಿಗೆ ಉತ್ತರ ಕೊಡದೆ ಇರಲಾಗದು. ಪೈಪು ಬಾಯಲ್ಲಿರುವಂತೆಯೇ 'ಹೂಂ ಯಜಮಾನ್ರೇ' ಎನ್ನಲು ಉಸಿರೆಳೆದ. ಉಸಿರಿನ ಬದಲು ಡೀಸೆಲ್ ಒಳಗೆ ಹೋಯಿತು.

ಪೈಪಿನ ತುದಿಯನ್ನು ಟ್ಯಾಂಕಿನ ಮೇಲಕ್ಕೆ ಎಸೆದು, ನೆಲಕ್ಕೆ ಬಿದ್ದು ಕೆಮ್ಮತೊಡಗಿದ. ಕೆಮ್ಮು ನಿಲ್ಲಲಿಲ್ಲ. ಕಣ್ಣುಗಳು ಹೊರಗೆ ಬಂದಂತಾದವು, ತುಟಿ ನೀಲಿಗಟ್ಟಿತು.

"ಹಾಲು ಕುಡಿಸ್ರೋ, ಸರಿಹೋಗ್ತಾನೆ. ಇಂಥ ನಾಟಕ ಬೇಕಾದಷ್ಟು ನೋಡಿದೀನಿ."

"ಯಜಮಾನ್ರೇ, ಭಾವಂಗೆ ಉಸಿರೇ ಸಿಗ್ತಿಲ್ಲ. ನಿಮ್ಮ ಕಾರಲ್ಲಿ ಆಸ್ಪತ್ರೆಗೆ..." ನಾನು ಅವರ ಕಾಲು ಹಿಡಿದೆ. ಹೌದು, ಹಿಡಿದೆ.

"ಸೀಟೆಲ್ಲ ವಾಂತಿ ಮಾಡ್ಲಿ ಅಂತಾನಾ?"

"ಲಾರೀಲಾದ್ರೂ ಕರ್ಕೊಂಡ್ಹೋಗ್ತೀನಿ."

"ಅಷ್ಟು ದೂರದಿಂದ ಡೀಸೆಲ್ ತರ್ಸಿದ್ದು ನಿಮ್ಮ ಮೆರವಣಿಗೆಗೇನೋ? ಮೊದ್ಲು ಟ್ಯಾಂಕ್ ಖಾಲಿ ಮಾಡು. ಆಮೇಲೆ ಎಲ್ಲಿಗಾದ್ರೂ ಹೊತ್ಕೊಂಡ್ಹೋಗಿ ಸಾಯಿ."

ಎದ್ದು ಪೈಪು ಎತ್ತಿಕೊಂಡೆ. ತುದಿಯಲ್ಲಿ ಭಾವನ ಎಂಜಲಿತ್ತು, ಒರೆಸಲಿಲ್ಲ. ಎಳೆದೆ. ಬಾಯಿಗೆ ಬಂದದ್ದನ್ನು ಉಗಿದು, ಪೈಪನ್ನು ಡ್ರಮ್ಮಿಗೆ ಬಿಡದೆ ನೆಲಕ್ಕೆ ಎಸೆದೆ.

"ಖಾಲಿ ಮಾಡ್ತಿದೀನಿ, ಯಜಮಾನ್ರೇ."

ಡೀಸೆಲ್ ಧಾರೆಯಾಗಿ ಸುರಿದು ಅವರ ಚಪ್ಪಲಿಯ ಕೆಳಗೆ ಹರಿಯಿತು. "ಅಯ್ಯೋ ಹಿಡೀರೋ! ಡ್ರಮ್ ತನ್ರೋ!" ಯಾರ್ಡಿನಲ್ಲಿದ್ದ ಡ್ರೈವರುಗಳಲ್ಲಿ ಒಬ್ಬನೂ ಮಿಸುಕಲಿಲ್ಲ. ಕೊನೆಗೆ ಯಜಮಾನರೇ ಮಂಡಿಯೂರಿ ಪೈಪಿನ ಬಾಯಿಯನ್ನು ಎರಡೂ ಕೈಯಿಂದ ಅದುಮಿ ಹಿಡಿದರು. ಬೆರಳ ಸಂದಿಯಿಂದ ಡೀಸೆಲ್ ಬಿಳಿ ಅಂಗಿಯ ತೋಳಿಗೆ ಇಳಿಯಿತು.

ಆಗ ಅವರ ಕಾರಿನ ಡ್ರೈವರ್, ದಿನಾ ನಮ್ಮಷ್ಟೇ ಬೈಗುಳ ತಿನ್ನುವವನು, ಕಾರಿನ ಹಿಂಬಾಗಿಲು ತೆಗೆದ. ಭಾವನನ್ನು ಎತ್ತಿ ಮಲಗಿಸಿದೆವು.

"ಲೇ, ಕಾರು! ನನ್ನ ಕಾರು! ಜೈಲಿಗೆ ಹಾಕಿಸ್ತೀನಿ ಕಳ್ಳನನ್ನಮಕ್ಕಳ!" ಯಜಮಾನರು ಅರ್ಧ ಎದ್ದರು. ಕೈ ಸಡಿಲಾಗಿ ಡೀಸೆಲ್ ಚಿಮ್ಮಿತು. ಮತ್ತೆ ಕೂತು ಪೈಪು ಅದುಮಿದರು.

ಗೇಟು ದಾಟುವಾಗ ತಿರುಗಿ ನೋಡಿದೆ. ಇನ್ನೂ ಪೈಪು ಬಿಟ್ಟಿರಲಿಲ್ಲ.

ಕಾರಿನಲ್ಲಿದ್ದದ್ದು ಮೊನ್ನೆ ಭಾವನೇ ಬಾಯಿಂದ ಎಳೆದು ತುಂಬಿದ ಡೀಸೆಲ್. ಅವನ ತಲೆ ನನ್ನ ತೊಡೆಯ ಮೇಲಿತ್ತು. ಕೆಮ್ಮು ನಿಂತಿತ್ತು.

"ಉಸಿರಾಡ್ತಿದಾನೇನೋ?" ಡ್ರೈವರ್ ಕೇಳಿದ.

ಭಾವನ ಮುಖಕ್ಕೆ ಮುಖ ತಂದೆ. ಡೀಸೆಲ್ ವಾಸನೆ ಬಡಿಯಿತು. ಅವನ ಬಾಯಿಂದಲೋ ನನ್ನ ಬಾಯಿಂದಲೋ ತಿಳಿಯಲಿಲ್ಲ.

"ಆಡ್ತಿದಾನೆ," ಅಂದೆ. "ನೀನು ಗಾಡಿ ಹೊಡಿ."