ಎಡಗಡೆಯ ಬೆಳಕು

ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಮೂವತ್ತೆಂಟು ವರ್ಷ ಊರೆಲ್ಲ ಡಂಗುರ ಸಾರಿದವಳು ನಾನು. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಅವರು ನಕಾಶೆ ಕಚೇರಿಯಲ್ಲಿದ್ದವರು. ಸಮುದ್ರದ ನಕಾಶೆಯಲ್ಲಿ ಎಲ್ಲಿ ಎಷ್ಟು ಆಳ, ಎಲ್ಲಿ ಬಂಡೆ, ಎಲ್ಲಿ ದ್ವೀಪ ಎಂದು ಗುರುತು ಹಾಕುವ ಕೆಲಸ. ನಾನು ದರ್ಜಿ. ನಿವೃತ್ತರಾದ ಮೇಲೆ ಅವರಿಗೆ ಹಿಡಿದದ್ದು ಒಂದೇ ಹುಚ್ಚು. ಕೆಲಸಕ್ಕೆ ಸೇರಿದ ಮೊದಲ ವಾರ ತಾವೇ ಚುಕ್ಕೆ ಇಟ್ಟ ಒಂದು ದ್ವೀಪವನ್ನು ಕಣ್ಣಾರೆ ನೋಡಬೇಕು. ದಕ್ಷಿಣಕ್ಕೆ, ಹಡಗುಗಳೂ ಹೋಗದ ಮೂಲೆಯಲ್ಲಿದೆ ಅದು. ಜನವಿಲ್ಲ, ಮರವಿಲ್ಲ, ಹಕ್ಕಿಯ ಹಿಕ್ಕೆ ಬಿಟ್ಟರೆ ಇನ್ನೇನೂ ಇಲ್ಲ. ಅದಕ್ಕೆಂದು ಹಳೆಯದೊಂದು ಹಾಯಿದೋಣಿ ಕೊಂಡರು. ಹಾಯಿಗಳನ್ನು ನಾನೇ ಹೊಲಿದೆ. ಊರವರ ಅಂಗಿ ಚಡ್ಡಿ ಹೊಲಿದವಳಿಗೆ ಅದೇನು ಮಹಾ.

ಹೊರಡುವ ಮುಂಚೆ ಒಂದು ಒಪ್ಪಂದ ಮಾಡಿಕೊಂಡೆವು. ಇಬ್ಬರಲ್ಲಿ ಯಾರೇ ಆಗಲಿ ‘ಸಾಕು’ ಎಂದರೆ, ಕಾರಣ ಕೇಳದೆ ದೋಣಿ ಮನೆಯ ಕಡೆ ತಿರುಗಬೇಕು. ಹೀಗೊಂದು ಮಾಡೋಣ ಎಂದವರು ಅವರೇ. ಹಾಗಾಗಿ ದೋಣಿಯಲ್ಲಿ ಆ ಮಾತನ್ನು ಬೇರೆ ಯಾವುದಕ್ಕೂ ಆಡುವಂತಿರಲಿಲ್ಲ. ಊಟ ಬಡಿಸುವಾಗ ಅವರು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಅದನ್ನು ನೋಡಿ ನನಗೆ ನಗು.

ಅಮ್ಮ ಹೋದಾಗ ನನಗೆ ನಾಲ್ಕು ವರ್ಷ. ನನ್ನನ್ನು ಸಾಕಿದವಳು ಅಕ್ಕ. ಸೂಜಿಗೆ ದಾರ ಪೋಣಿಸಲು ಕಲಿಸಿದವಳೂ ಅವಳೇ. ನಾವು ಹೊರಟ ಇಪ್ಪತ್ತನೆಯ ದಿನ, ಬೆಳಿಗ್ಗೆ ಏಳಕ್ಕೆ, ಬಂದರಿನ ರೇಡಿಯೋದವನು ಅಕ್ಕನ ಮಗಳ ಸುದ್ದಿ ಮುಟ್ಟಿಸಿದ. ಅಕ್ಕ ಹಾಸಿಗೆ ಹಿಡಿದಿದ್ದಾಳೆ, ನನ್ನನ್ನೇ ಕನವರಿಸುತ್ತಿದ್ದಾಳೆ. ಸಾಕಿದವಳಿಗಾಗಿ ನಾನು ‘ಸಾಕು’ ಎಂದೆ. ದ್ವೀಪಕ್ಕೆ ಇನ್ನೊಂದೇ ವಾರದ ದಾರಿಯಿತ್ತು. ಅವರು ತುಟಿ ಪಿಟಕ್ಕೆನ್ನದೆ ಚುಕ್ಕಾಣಿ ತಿರುಗಿಸಿದರು. ಎಂಥ ಮನುಷ್ಯ ಎಂದು ನನ್ನ ಕಣ್ಣು ತುಂಬಿ ಬಂತು.

ಅದೇ ಸಂಜೆ ಮೆಟ್ಟಿಲಲ್ಲಿ ಜಾರಿ ಮಂಡಿ ಊದಿಸಿಕೊಂಡೆ. "ನೀನು ಮೇಲೆ ಬರಲೇಬೇಡ, ಎಲ್ಲ ನಾನು ನೋಡ್ಕೋತೀನಿ," ಎಂದರು. ನಾನು ಕೆಳಗಿನ ಕೋಣೆಯಲ್ಲಿ ಕೈಮೆಷಿನ್ನು ಇಟ್ಟುಕೊಂಡು ಅಕ್ಕನಿಗೊಂದು ನಿಲುವಂಗಿ ಹೊಲಿಯಲು ಕೂತೆ. ಮಲಗಿದವಳಿಗೆ ತೊಡಿಸಲು ಸುಲಭವಾಗಲೆಂದು ಮುಂದೆ ಪೂರ್ತಿ ಬಿಚ್ಚುವಂಥದ್ದು.

ಹೊಲಿಯುವವಳಿಗೆ ಬೆಳಕು ಎಡಗಡೆಯಿಂದ ಬರಬೇಕು. ಬಲಗಡೆಯಿಂದ ಬಂದರೆ ನಮ್ಮ ಕೈಯ ನೆರಳೇ ಹೊಲಿಗೆಯ ಮೇಲೆ ಕೂರುತ್ತದೆ. ದೋಣಿಯ ಮೇಜೋ ನೆಲಕ್ಕೆ ಬಿಗಿದದ್ದು, ಕೂತರೆ ಮುಖ ದೋಣಿಯ ಮೂತಿಯ ಕಡೆಗೇ. ಮನೆಯಿರುವುದು ಉತ್ತರಕ್ಕೆ. ಅತ್ತ ಹೊರಟ ಮೇಲೆ ಬೆಳಗಿನ ಬಿಸಿಲು ಬಲಗಡೆಯ ಕಿಟಕಿಗೇ ಬೀಳುತ್ತಿತ್ತು. ಎರಡು ದಿನ ಗೊಣಗಿಕೊಂಡೇ ಹೊಲಿದೆ.

"ಸೂರ್ಯನ್ನ ಎತ್ತಿ ಆ ಕಡೆ ಇಡ್ಲೇನೇ?" ಎಂದು ತಮಾಷೆ ಮಾಡಿದರು.

ಮೂರನೆಯ ದಿನದಿಂದ ಮೋಡ ಕವಿಯಿತು. ರೇಡಿಯೋದ ಗರಗರ ನಿನಗ್ಯಾಕೆ ಎಂದು ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳತೊಡಗಿದರು. ದಿನಾ ಬೆಳಿಗ್ಗೆ ನಾನು, "ಅಕ್ಕ ಹೇಗಿದ್ದಾಳಂತ್ರೀ?" ಎನ್ನುತ್ತಿದ್ದೆ.

"ಹಾಗೇ ಇದ್ದಾರಂತೆ ಕಣೇ."

ಸದ್ಯ, ಹಾಗೇ ಇರಲಿ, ನಾನು ಹೋಗುವ ತನಕ ಹಾಗೇ ಇರಲಿ ಎಂದುಕೊಳ್ಳುತ್ತಿದ್ದೆ. ಆರನೆಯ ದಿನ ಗುಂಡಿಯ ಡಬ್ಬಿ ತೆರೆದು ಅವರ ಮುಂದಿಟ್ಟೆ. ಅವರು ಕೆದಕಿ ಕೆದಕಿ ಏಳು ಬಿಳಿ ಗುಂಡಿ ಆರಿಸಿದರು. "ದೊಡ್ಡದೇ ಇರಲಿ. ಅವರ ಕೈ ನಡುಗುತ್ತಲ್ಲ," ಎಂದರು.

ಎಂಟನೆಯ ದಿನ ಬೆಳಿಗ್ಗೆ ಮೋಡ ಹರಿದು ಬಿಸಿಲು ಬಂತು. ಬಟ್ಟೆಯ ಮೇಲೆ ಒಂದಿಷ್ಟೂ ನೆರಳಿಲ್ಲ. ಎಷ್ಟು ಚೆಂದದ ಬೆಳಕು ಎಂದು ಖುಷಿಯಲ್ಲಿ ಕೂತು ಮೂರು ಗುಂಡಿಮನೆ ಹೊಲಿದುಬಿಟ್ಟೆ, ನನ್ನಂಥ ಪೆದ್ದಿ. ನಾಲ್ಕನೆಯದಕ್ಕೆ ಸೂಜಿ ಚುಚ್ಚಿದಾಗ ಕೈ ನಿಂತಿತು. ಬೆಳಗಿನ ಬಿಸಿಲು ನನ್ನ ಎಡಗಡೆಯಿತ್ತು.

ಮಂಡಿ ಎಳೆದುಕೊಂಡು ಮೇಲೆ ಹತ್ತಿದೆ. ಅವರು ಹಗ್ಗ ಸುತ್ತುತ್ತಿದ್ದರು.

"ರೀ, ಮನೆ ಯಾವ ಕಡೆ?"

"ಗಾಳಿ ಸರಿಯಿಲ್ಲ. ಸ್ವಲ್ಪ ಸುತ್ತು ಹಾಕ್ಕೊಂಡು..."

"ದಿಕ್ಸೂಚಿ ದಕ್ಷಿಣ ಅಂತಿದೆ. ನಾನು ದರ್ಜಿ ಇರಬಹುದು, ದಡ್ಡಿ ಅಲ್ಲ."

ಅವರು ಹಗ್ಗ ಕೆಳಗಿಟ್ಟರು. 

"ನಿಮ್ಮಕ್ಕ ಹೋಗ್ಬಿಟ್ರು ಕಣೇ. ತಿರುಗಿದ ಮೂರನೇ ದಿನವೇ ಸುದ್ದಿ ಬಂತು. ನೀನು ನೋವಿನ ಮಾತ್ರೆ ನುಂಗಿ ಮಲಗಿದ್ದೆ. ನಾವು ಮುಟ್ಟೋ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿರುತ್ತೆ. ಓಡೋಡಿ ಹೋದ್ರೂ ಅಲ್ಲಿ ಯಾರಿದ್ದಾರೆ ಹೇಳು? ಅದಕ್ಕೇ, ದ್ವೀಪ ನೋಡ್ಕೊಂಡು, ಆಮೇಲೆ ನಿಧಾನಕ್ಕೆ ಹೇಳೋಣ ಅಂತ..."

ನನಗೆ ಮೊದಲು ಅಳು ಬರಲಿಲ್ಲ. ಬಂದದ್ದು ಸಿಟ್ಟು, ಮೈಯೆಲ್ಲ ಉರಿಯುವಂಥ ಸಿಟ್ಟು. ಐದು ದಿನ ನಾನು ಸತ್ತವಳಿಗೆ ಅಂಗಿ ಹೊಲಿದಿದ್ದೆ. ನನ್ನ ಪಾಲಿನ ಅಳುವನ್ನು ಈ ಮನುಷ್ಯ ಜೇಬಿನಲ್ಲಿಟ್ಟುಕೊಂಡು, ನನ್ನ ಎದುರೇ ಚಹಾ ಕುಡಿದು, ಬ್ರೆಡ್ಡು ತಿಂದು, ಸಿಳ್ಳೆ ಹಾಕಿಕೊಂಡು ಓಡಾಡಿದ್ದರು.

"ಹಾಗೇ ಇದ್ದಾರೆ ಅಂದ್ರಲ್ಲ. ಹೌದು, ಇನ್ಮೇಲೆ ಹಾಗೇ ಇರ್ತಾಳೆ. ಅವಳ ಕೈ ನಡುಗುತ್ತೆ ಅಂದ್ರಲ್ಲ, ಯಾವ ಕೈ ರೀ ಅದು? ಗುಂಡಿ ಆರಿಸುವಾಗ ನಿಮ್ಮ ಕೈ ನಡುಗಲಿಲ್ವಾ? ಅವಳು ಹೋದ ಗಳಿಗೇಲಿ ನನಗೊಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಹಕ್ಕಿ ಹಿಕ್ಕೆ ನೋಡೋಕೆ ನನ್ನ ಅಕ್ಕನ ಸಾವನ್ನ..."

"ಸಾಕು ಮಾಡೇ," ಎಂದರು ಅವರು, ಎರಡೂ ಕಿವಿ ಮುಚ್ಚಿಕೊಂಡು. "ಸಾಕು."

ಹಾಯಿ ಪಟಪಟ ಬಡಿದುಕೊಳ್ಳುತ್ತಿತ್ತು. ತಮ್ಮ ಬಾಯಿಂದ ಏನು ಬಿತ್ತೆಂದು ಅವರಿಗೂ ತಿಳಿಯಿತು. ಮುಖ ಸುಣ್ಣದಂತಾಯಿತು.

"ಏನಂದೆ?" ಎಂದು ಕೇಳಿದೆ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವರನ್ನು ಏಕವಚನದಲ್ಲಿ ಕರೆದಿದ್ದೆ. ನಾಲಿಗೆ ತಡವರಿಸಲಿಲ್ಲ.

"ನಾನು ಆ ಅರ್ಥದಲ್ಲಿ ಹೇಳಿದ್ದಲ್ಲ ಕಣೇ."

"ಕಾರಣ ಕೇಳೋ ಹಾಗಿಲ್ಲ ಅಂತ ಒಪ್ಪಿಸಿದವನು ನೀನು. ತಿರುಗಿಸು."

"ಇನ್ನು ನಾಲ್ಕೇ ದಿನದ ದಾರಿ. ಜೀವಮಾನದ ಆಸೆ ಅದು."

"ಹೋದ್ರೂ ಅಲ್ಲಿ ಯಾರಿದ್ದಾರೆ ಹೇಳು?"

ಅವನು ತಿರುಗಿಸಿದ. ಹೌದು, ಅವನು. ಈ ಕಥೆಯಲ್ಲಿ ಇನ್ನು ಮುಂದೆ ಅವರು ಯಾರೂ ಇಲ್ಲ. ಮೂತಿ ಉತ್ತರಕ್ಕೆ ಬರುವ ತನಕ ನಾನು ದಿಕ್ಸೂಚಿಯ ಪಕ್ಕದಲ್ಲೇ ನಿಂತು ನೋಡಿದೆ. ಇನ್ನು ಅವನ ಮಾತನ್ನು ನಂಬಿ ಕೆಳಗಿಳಿಯುವವಳಲ್ಲ ನಾನು.

ಆಮೇಲೆ ಕೆಳಗೆ ಹೋಗಿ ಹೊಲಿಗೆಗೆ ಕೂತೆ. ಅಂಗಿಗೆ ಇನ್ನೂ ನಾಲ್ಕು ಗುಂಡಿಮನೆ ಬಾಕಿಯಿತ್ತು. ಬಿಸಿಲು ಬಲಗಡೆಯಿಂದ ಬಂದು ನನ್ನ ಕೈಯ ನೆರಳು ಬಟ್ಟೆಯ ಮೇಲೆ ಬಿದ್ದಿತು. ಆಗ ಅಳು ಬಂತು, ಮಗು ಅತ್ತ ಹಾಗೆ ಅತ್ತೆ.

ಅವನು ಕೆಟಲ್ ಹಿಡಿದು ಬಂದು ನಿಂತ. "ಒಂಚೂರು ಚಹಾ ಹಾಕ್ಲಾ?" ಎಂದ. ನಾನು ತಲೆ ಎತ್ತದೆ ಲೋಟಕ್ಕೆ ಕೈ ಅಡ್ಡ ಹಿಡಿದೆ.