ಕಂದು ಬಣ್ಣದ ಉಪಕಾರ

ಮೂವತ್ತೊಂದು ವರ್ಷ ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರರ ಕೈಗೆ ಕತ್ತರಿ, ಚಾಕು ಎತ್ತಿಕೊಟ್ಟ ನರ್ಸಮ್ಮ, ನಿವೃತ್ತಿಯಾದ ಮೂರನೆಯ ತಿಂಗಳಿಗೆ ತಾನೇ ಉಳಿ ಹಿಡಿದಳು. ವಾರಕ್ಕೆರಡು ದಿನ ಮರದ ಕೆತ್ತನೆಯ ತರಗತಿ, ಮಿಕ್ಕ ದಿನ ಮನೆಯ ಹಿಂದಿನ ವರಾಂಡದಲ್ಲಿ ಅಭ್ಯಾಸ. ಇದು ಕಲೆ ಎಂದು ಅವಳು ಬಾಯಿ ನೋಯುವಷ್ಟು ಹೇಳಿದರೂ ಜನರ ಕಿವಿಗೆ ಬಿದ್ದದ್ದು ಬಡಗಿ ಕೆಲಸವೆಂದೇ.

"ಅತ್ತಿಗೆ, ಹೇಗೂ ಉಳಿ ಸುತ್ತಿಗೆ ಎಲ್ಲಾ ಇಟ್ಕೊಂಡಿದ್ದೀರಲ್ಲ, ನಮ್ಮ ಬಚ್ಚಲ ಬಾಗಿಲು ಒಂಚೂರು ಹೆರೆದುಕೊಡಿ," ಎಂದು ನಾದಿನಿ ಫೋನು ಮಾಡಿದಳು. ಪಕ್ಕದ ಮನೆಯವರು ಕಾಲು ಮುರಿದ ಸ್ಟೂಲೊಂದನ್ನು ಹೇಳದೆ ಕೇಳದೆ ವರಾಂಡದಲ್ಲಿಟ್ಟು ಹೋದರು. ಇವರನ್ನಾದರೂ ಸಹಿಸಬಹುದಿತ್ತು. ಗಂಡನದೇ ದೊಡ್ಡ ತಲೆನೋವು. ಬಸ್ ಡಿಪೋದಿಂದ ಅವಳಿಗಿಂತ ಮೊದಲೇ ನಿವೃತ್ತನಾದ ಆತ, ಯಾರಿಗೆ ಉಪಕಾರ ಮಾಡಲಿ ಎಂದು ದಿನವಿಡೀ ತುದಿಗಾಲಲ್ಲಿ ನಿಂತಿರುತ್ತಿದ್ದ.

ನಾಲ್ಕು ತಿಂಗಳು ಕೂತು ಅವಳು ತೇಗದ ಹಲಗೆಯೊಂದರಲ್ಲಿ ಬಳ್ಳಿ ಕೆತ್ತಿದಳು. ಅರವತ್ತಕ್ಕೂ ಹೆಚ್ಚು ಎಲೆ, ಎಲೆಯ ಮರೆಯಲ್ಲೊಂದು ಪುಟ್ಟ ಹಕ್ಕಿ. ತರಗತಿಯವರ ಪ್ರದರ್ಶನಕ್ಕೆ ಒಂದು ತಿಂಗಳಿತ್ತು. ಎರಡು ದಿನ ಅಕ್ಕನ ಮನೆಗೆ ಹೋಗಿ ಬಂದವಳಿಗೆ ಬಾಗಿಲಲ್ಲೇ ಪೇಂಟಿನ ವಾಸನೆ ಮೂಗಿಗೆ ಬಡಿಯಿತು.

"ಕಣ್ಣು ಮುಚ್ಕೊಂಡು ಬಾ," ಎಂದು ಗಂಡ ಕೈ ಹಿಡಿದು ವರಾಂಡಕ್ಕೆ ಕರೆದೊಯ್ದ. "ಈಗ ನೋಡು! ಎರಡು ಕೋಟು ಹೊಡೆದಿದ್ದೀನಿ. ಇನ್ನು ಗೆದ್ದಲು ಇದರ ಹತ್ರ ಸುಳಿಯಲ್ಲ."

ಹಲಗೆ ಕಡುಗಂದಾಗಿ ಮಿರಮಿರ ಮಿಂಚುತ್ತಿತ್ತು.

"ರೀ... ಏನು ಬಳಿದಿರಿ ಇದಕ್ಕೆ?"

"ಗೇಟಿಗೆ ತಂದಿದ್ದು ಉಳಿದಿತ್ತಲ್ಲ, ಅದೇ. ಸುಮ್ನೆ ದಂಡ ಆಗ್ತಿತ್ತು."

ಥಿಯೇಟರಿನಲ್ಲಿ ಯಾರಾದರೂ ಕೈ ತೊಳೆಯದೆ ಉಪಕರಣ ಮುಟ್ಟಲು ಬಂದರೆ ಅವಳೊಂದು ನೋಟ ನೋಡುತ್ತಿದ್ದಳು. ದೊಡ್ಡ ದೊಡ್ಡ ಡಾಕ್ಟರುಗಳೇ ಹಿಂದೆ ಸರಿಯುತ್ತಿದ್ದರು. ಈಗ ಅದೇ ನೋಟ ಗಂಡನ ಮೇಲೆ ಬಿತ್ತು. ಅವನೂ ಎರಡು ಹೆಜ್ಜೆ ಹಿಂದೆ ಸರಿದ.

"ನಾಲ್ಕು ತಿಂಗಳು ರೀ! ಒಂದೊಂದು ಎಲೆಯ ನರಾನೂ ಕೂದಲೆಳೆ ಹಾಗೆ ತೆಗೆದಿದ್ದೆ. ಅದನ್ನ ಕಬ್ಬಿಣದ ಗೇಟು ಮಾಡಿಟ್ರಲ್ಲ!"

"ನೀನೇ ಅಂದೆಯಲ್ಲ, ಫಿನಿಶಿಂಗ್ ಒಂದೇ ಬಾಕಿ ಅಂತ?"

ಅಂದದ್ದು ನಿಜ. ಅದಕ್ಕೇ ಅವಳಿಗೆ ಇನ್ನಷ್ಟು ಮೈ ಉರಿಯಿತು. ಮೂರನೆಯ ದಿನ ಥಿನ್ನರು, ಹತ್ತಿ, ಎರಡು ದಬ್ಬಣ ತಂದು ಅವನ ಮುಂದಿಟ್ಟಳು.

"ಕೂತ್ಕೊಳ್ಳಿ. ಕೆರೀರಿ."

ಮೂರು ವಾರ ಇಬ್ಬರೂ ಎದುರುಬದುರು ಕೂತು ಕೆರೆದರು. ಸೊಂಟ ಹಿಡಿಯಿತು ಎಂದು ಅವನು ಗೊಣಗಿದ, ಹಿಡೀಲಿ ಎಂದಳು. ಒಂದು ಮಧ್ಯಾಹ್ನ ಅವನು ತಲೆ ಎತ್ತಿ, "ಇದೇನೇ, ಇಲ್ಲೊಂದು ಹಕ್ಕಿ ಇದೆ!" ಎಂದ.

"ನಾಲ್ಕು ತಿಂಗಳಿಂದ ಇದೆ. ಬಳಿಯೋವಾಗ ಕಾಣ್ಲಿಲ್ವಾ?"

"ಮರದ ಗಂಟು ಅಂದ್ಕೊಂಡೆ ಕಣೇ." ಅವನ ಮುಖ ಸಪ್ಪಗಾಯಿತು. ಆಮೇಲೆ ಆ ಹಕ್ಕಿಯ ರೆಕ್ಕೆಯನ್ನು ಉಸಿರು ಬಿಗಿಹಿಡಿದು, ಅವಳು ಹೇಳಿದ್ದಕ್ಕಿಂತ ನಾಜೂಕಾಗಿ ಪೇಂಟಿನಿಂದ ಬಿಡಿಸಿದ. ಅವಳು ನೋಡಿಯೂ ನೋಡದಂತಿದ್ದಳು.

ಎಷ್ಟು ಕೆರೆದರೂ ಎಲೆಯ ನರಗಳ ಆಳದಲ್ಲಿ ಕಂದು ಉಳಿದೇ ಹೋಯಿತು. ಪ್ರದರ್ಶನದ ದಿನ ಕೆತ್ತನೆಯ ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಹಕ್ಕಿಯ ಕಣ್ಣು ಹಾಳಾಗಿದೆ, ಅಮ್ಮಾ. ಆದರೆ ಎಲೆಗಳಿಗೆ ಜೀವ ಬಂದಿದೆ. ಈ ನೆರಳು ಹೇಗೆ ತಂದ್ರಿ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಡ ಎದೆಯುಬ್ಬಿಸಿ ಮುಂದೆ ಬಂದ. "ಮೊದಲು ಗೇಟಿನ ಪೇಂಟು ಎರಡು ಕೋಟು ಹೊಡೀಬೇಕು ಸಾರ್. ಆಮೇಲೆ ಮೂರು ವಾರ ಕೆರೀಬೇಕು. ಬಹಳ ತಾಳ್ಮೆ ಬೇಕು."

ಮೇಷ್ಟ್ರು ತಲೆದೂಗಿದರು. ನರ್ಸಮ್ಮ ಹಲ್ಲು ಕಚ್ಚಿ ನಕ್ಕಳು.

ಮನೆಗೆ ಬರುವಾಗ ಬಸ್ಸಿನಲ್ಲಿ ಅವನು ಮೆಲ್ಲಗೆ ಕೇಳಿದ: "ಮುಂದಿನ ಹಲಗೆಗೆ ಹಸಿರು ತರ್ಲಾ?"

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ, ಅವಳು ವರಾಂಡದ ಬಾಗಿಲಿಗೊಂದು ಬೀಗ ಕೊಂಡು ತಂದಳು.