ತುಂಬಿದ ಹೊಟ್ಟೆಯ ಹಾವು

ಏಪ್ರಿಲ್ ಮುಗಿಯುತ್ತಾ ಬಂದಿತ್ತು. ಹಿಮ ಕರಗಿ ಹೋಗಿದ್ದರೂ ಹೀಟರ್ ಇನ್ನೂ ಗೊರಗೊರ ಅನ್ನುತ್ತಲೇ ಇದ್ದ ಒಂದು ಶನಿವಾರ, ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಈ ಮಾತು ಶುರುವಾಯಿತು. ಓಲ್ಡ್ ಬ್ರಿಡ್ಜ್ ಅನ್ನುವ ಊರಿನ ಸುಬ್ಬುವಿನ ಮನೆಯಲ್ಲಿ ವಾರಕ್ಕೆಲ್ಲ ನಾಲ್ಕೂ ಜನ ಒಂದೇ ಮೇಜಿಗೆ ಕೂರುವ ಊಟ ಅದೊಂದೇ. ಸುಬ್ಬುವಿನ ಮಗಳು ಶ್ರಿಯಾ, ಕಾಲೇಜಿನಲ್ಲಿ ಪ್ರಾಣಿಗಳ ಆರೈಕೆ ಓದುತ್ತಿದ್ದವಳು, ಉಪ್ಪು ಕೊಡಿ ಅಂದಷ್ಟೇ ಸಲೀಸಾಗಿ ಹೇಳಿದಳು.

"ನಾನೊಂದು ಹಾವು ಸಾಕ್ತೀನಿ. ದೊಡ್ಡದು."

ಸುಬ್ಬು ನಕ್ಕ. ಅವನ ಹೆಂಡತಿ ಅನು ನಗಲಿಲ್ಲ. ಸುಬ್ಬುವಿನ ತಾಯಿ ನಿಂಗಮ್ಮ ನೀರಿನ ಲೋಟ ಕೆಳಗಿಟ್ಟು ಮೊಮ್ಮಗಳ ಮುಖವನ್ನೇ ನೋಡಿದಳು.

"ಹುಳ ಅನ್ನವ್ವ," ಅಂದಳು. ನಿಂಗಮ್ಮ ಹುಟ್ಟಿದ ನಾಗಮಂಗಲದ ಕಡೆ ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೆ ಬಂದುಬಿಡುತ್ತದೆ ಅಂತ.

"ಇದು ಕರೆದ್ರೂ ಬರಲ್ಲ ಅಜ್ಜಿ. ಪಾರ್ಸಿಪನೀಲಿದೆ. ನಾವೇ ಡ್ರೈವ್ ಮಾಡ್ಕೊಂಡು ಹೋಗಿ ತರ್ಬೇಕು."

ಮಯಾಂಕ್ ಅಂತ ಒಬ್ಬ ಹುಡುಗ, ಮೈಸೂರಿನವರ ಮಗ, ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಟೆಕ್ಸಾಸಿಗೆ ಹೊರಟಿದ್ದಾನೆ, ತನ್ನ ಹಾವನ್ನು ಸುಮ್ಮನೆ ಕೊಡುತ್ತಾನಂತೆ. ಬೋವಾ ಅಂತ ಜಾತಿ, ನಮ್ಮ ಹೆಬ್ಬಾವಿನ ದಾಯಾದಿ ಇದ್ದ ಹಾಗೆ. ಎಂಟಡಿ ಮೇಲಿದೆ. ಹೆಸರು ಬಿಸ್ಕತ್ತು.

"ವಿಷ ಇಲ್ಲ ಅಜ್ಜಿ."

"ಹಿಸುಕೋದಕ್ಕೆ ವಿಷ ಯಾಕವ್ವ ಬೇಕು?"

ಶ್ರಿಯಾ ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದಳು. ಪೆಟ್ಟಿಗೆಗೆ ಬೀಗ ಇರುತ್ತೆ. ಕೈ ಹಾಕೋ ಮುಂಚೆ ಉದ್ದದ ಕೊಕ್ಕೆಯಿಂದ ಮೆತ್ತಗೆ ಮುಟ್ಟಬೇಕು, ಆಗ ಅದಕ್ಕೆ ಇದು ಊಟ ಅಲ್ಲ ಅಂತ ಗೊತ್ತಾಗುತ್ತೆ. ತಿನ್ನಿಸಿದ ಮೇಲೆ ಎರಡು ದಿನ ಎತ್ತಬಾರದು. ಆರಡಿ ದಾಟಿದ್ದನ್ನು ಒಬ್ಬರೇ ಎತ್ತಲೇಬಾರದು, ಪಕ್ಕದಲ್ಲಿ ಇನ್ನೊಬ್ಬರು ಇರಬೇಕು.

"ಇನ್ನೊಬ್ರು ಯಾರು?" ಅಂದಳು ಅನು. "ನನ್ನ ಕಡೆ ನೋಡ್ಬೇಡ. ನಿಮ್ಮಪ್ಪ ಜಿರಳೆ ಕಂಡ್ರೆ ಕುರ್ಚಿ ಹತ್ತೋರು."

"ಒಂದ್ಸಲ ಹತ್ತಿದ್ದೆ ಕಣೆ," ಅಂದ ಸುಬ್ಬು.

"ಆರಾಧ್ಯಾ ಬರ್ತಾಳೆ. ನನ್ನ ಫ್ರೆಂಡು. ಎರಡು ಬೀದಿ ಆಚೆ ಇರೋದು."

ಹೇಳುವಾಗ ಶ್ರಿಯಾಳ ಕಣ್ಣು ಫ್ರಿಜ್ಜಿನ ಕಡೆ ಹೋಯಿತು. ಅದನ್ನು ನೋಡಿದ್ದು ನಿಂಗಮ್ಮ ಒಬ್ಬಳೇ.

ಅನು ಕೊನೆಗೆ ಜಾಣತನದ ತೀರ್ಮಾನ ಕೊಟ್ಟಳು. ಖಾಲಿ ಇರುವುದು ನಿಂಗಮ್ಮನ ಪಕ್ಕದ ರೂಮು ಮಾತ್ರ. ಆದ್ದರಿಂದ ಅಜ್ಜಿ ಒಪ್ಪಿದರೆ ಹಾವು ಬರಲಿ, ಇಲ್ಲದಿದ್ದರೆ ಇಲ್ಲ. ಮುದುಕಿ ಒಪ್ಪುವುದುಂಟೇ ಅಂತ ಅವಳ ಧೈರ್ಯ. ನಿಂಗಮ್ಮ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ನೋಡಿ ಹೇಳ್ತೀನಿ," ಅಂದಳು.

ಮುಂದಿನ ಶನಿವಾರ ಮಯಾಂಕ್ ಹೇಳಿದ ಹೊತ್ತಿಗೆ ಸರಿಯಾಗಿ ಅಜ್ಜಿ ಮೊಮ್ಮಗಳು ಅವನ ಅಪಾರ್ಟ್‌ಮೆಂಟಿಗೆ ಹೋದರು. ಮೂವತ್ತು ದಾಟಿದ ಹುಡುಗ, ನಗುಮುಖ. ಬನ್ನಿ ಅಜ್ಜಿ, ಕೂತ್ಕೊಳ್ಳಿ ಅಜ್ಜಿ, ಕಾಫಿ ಕುಡೀತೀರಾ ಅಜ್ಜಿ. ಮಾತಿನಲ್ಲಿ ಬೆಣ್ಣೆ ಸ್ವಲ್ಪ ಹೆಚ್ಚಾಯಿತು ಅನ್ನಿಸಿತು ನಿಂಗಮ್ಮನಿಗೆ. ಒಳಗೆ ಬೆಂಕಿಯಂಥ ಸೆಕೆ, ಹಾವಿಗಾಗಿ ಹಾಗೆ ಇಟ್ಟಿದ್ದಂತೆ. ಅಂಥ ಸೆಕೆಯಲ್ಲೂ ಅವನು ಮಣಿಕಟ್ಟು ಮುಚ್ಚುವ ತುಂಬು ತೋಳಿನ ಅಂಗಿ ಹಾಕಿದ್ದ.

ಹಾವು ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಕಂದು ಮೈ, ಬೆನ್ನ ಮೇಲೆ ಕುದುರೆ ತಡಿಯ ಹೊಲಿಗೆಯಂಥ ಚಿತ್ತಾರ. ಮಯಾಂಕ್ ಬಾಗಿಲು ಸರಿಸಿದ, ಎರಡು ಕೈ ಹಾಕಿ ಎತ್ತಿದ, ತಂದು ಶ್ರಿಯಾಳ ಹೆಗಲಿಗೆ ಹಾರದ ಹಾಗೆ ಹಾಕಿದ. ಅದು ಮಿಸುಕಲಿಲ್ಲ. ಶ್ರಿಯಾಳ ಮುಖ ಅರಳಿ ಮೊರದಗಲ ಆಯಿತು.

"ನೋಡಿ, ಪಾಪದ್ದು," ಅಂದ ಮಯಾಂಕ್. "ಯಾವತ್ತೂ ಹೀಗೇನೆ. ಸ್ಟೇಟಿನ ಪರ್ಮಿಟ್ ಕೂಡ ಮಾಡಿಸ್ಕೊಡ್ತೀನಿ. ಬೇಗ ಹೇಳಿ, ಕೇಳೋರು ಬೇಕಾದಷ್ಟು ಜನ ಇದ್ದಾರೆ."

ನಿಂಗಮ್ಮ ಹಾವಿನ ಮುಖ ನೋಡಲಿಲ್ಲ. ನಡು ನೋಡಿದಳು. ನಡುವಿನಲ್ಲಿ ತೆಂಗಿನಕಾಯಿ ನುಂಗಿದ ಹಾಗೆ ಒಂದು ಗಂಟು.

ಅವಳ ಮಾವ ಎತ್ತಿನ ವ್ಯಾಪಾರದವನು. ಹೊಸದಾಗಿ ಮದುವೆಯಾಗಿ ಬಂದ ವರ್ಷ ಅವನೊಂದು ಜೋಡಿ ತಂದಿದ್ದ. ಸಂತೆಯಲ್ಲಿ ಮೈ ಮಿರಮಿರ ಮಿಂಚುತ್ತಿತ್ತು, ಮಗು ಬಾಲ ಹಿಡಿದರೂ ಒದೆಯದಷ್ಟು ಸಾಧು. ಮಾರನೇ ದಿನ ನೋಡಿದರೆ ಪಕ್ಕೆ ಎಲುಬು ಎಣಿಸಬಹುದು, ಹತ್ತಿರ ಹೋದವರಿಗೆಲ್ಲ ಕೊಂಬು. ಮಾರುವವನು ಬೆಳಗ್ಗೆಯೇ ಉಪ್ಪು ನೆಕ್ಕಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ಹಿಂಡಿ ತಿನ್ನಿಸಿ ನಿಲ್ಲಿಸಿದ್ದ. ಆವತ್ತಿನಿಂದ ಆ ಮನೆಯಲ್ಲಿ ಒಂದು ಕಟ್ಟಳೆ ಆಯಿತು: ಮಾರುವವನು ಕರೆದ ಹೊತ್ತಿಗೆ ಹೋಗಿ ನೋಡಬಹುದು, ಹಗ್ಗ ಹಿಡಿಯಬಾರದು. ಹೇಳದೆ ಇನ್ನೊಂದು ಸಲ ಹೋಗಬೇಕು.

ಕಾರು ಹೈವೇ ಹತ್ತಿದ ಮೇಲೆ ನಿಂಗಮ್ಮ ಬಾಯಿ ತೆರೆದಳು.

"ಹುಳಕ್ಕೆ ತಿನ್ನಿಸಿ ಇಟ್ಟಿದ್ದ."

ಶ್ರಿಯಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಾನೂ ನೋಡ್ದೆ," ಅಂದಳು.

"ನೋಡಿ?"

"ಎತ್ತಬಾರದಿತ್ತು. ಅದು ಕಕ್ಕಿಬಿಡಬಹುದು, ಅದರ ಜೀವಕ್ಕೆ ಒಳ್ಳೇದಲ್ಲ. ನಾನು ಹೇಳಿದ್ರೆ ನೀನು ಬೇಡ ಅಂತೀಯ ಅಂತ ಸುಮ್ಮನಿದ್ದೆ."

ನಿಂಗಮ್ಮ ಕಿಟಕಿಯಾಚೆ ನೋಡಿದಳು. ಆ ಹುಡುಗ ಮುಚ್ಚಿಡುತ್ತಿದ್ದಾನೆ ಅನ್ನುವುದು ಅವಳಿಗೆ ಆಗಲೇ ಗೊತ್ತಿತ್ತು. ಈ ಹುಡುಗಿಯೂ ಮುಚ್ಚಿಡಬಲ್ಲಳು ಅನ್ನುವುದು ಎದೆಗೆ ತಾಗಿತು. ನಾಳೆ ಪಕ್ಕದ ರೂಮಿನಲ್ಲಿ ಏನಾದರೂ ಆದರೆ ತನ್ನನ್ನು ಕೂಗುತ್ತಾಳೋ, ಇಲ್ಲ ಬಾಗಿಲು ಹಾಕಿಕೊಂಡು ಒಬ್ಬಳೇ ಹೆಣಗುತ್ತಾಳೋ?

ಮತ್ತೆ ಹೋದದ್ದು ಮೇ ತಿಂಗಳ ಎರಡನೇ ಭಾನುವಾರ, ಹೇಳದೆ. ಆದರೆ ಹೇಳದೆ ಹೋದರೂ ಬರಿಗೈಲಿ ಹೋಗುವುದು ನಿಂಗಮ್ಮನ ಜಾಯಮಾನದಲ್ಲಿಲ್ಲ. ಭಾನುವಾರ ಅಂದಮೇಲೆ ಮನೆಯಲ್ಲಿ ಕೋಳಿ ಸಾರು. ಬೆಳಗ್ಗೆ ತಾನೇ ನಿಂತು ಮಾಡಿದ್ದ ಸಾರನ್ನು ಸ್ಟೀಲಿನ ಕ್ಯಾರಿಯರ್‌ಗೆ ಬಿಸಿಬಿಸಿ ತುಂಬಿದಳು, ಮೇಲಿನ ಡಬ್ಬಿಗೆ ಎರಡು ಮುದ್ದೆ ಹಾಕಿದಳು, ಕೊಂಡಿ ಬಿಗಿದು ಬಟ್ಟೆಯ ಕೈಚೀಲದಲ್ಲಿಟ್ಟುಕೊಂಡಳು. ಊಟ ಕೊಡಲು ಬಂದೆವು ಅಂದರೆ ಯಾರು ತಾನೇ ಬಾಗಿಲು ಹಾಕುತ್ತಾರೆ?

ಮಯಾಂಕ್ ಬಾಗಿಲನ್ನು ಅರ್ಧ ತೆಗೆದ, ಅಲ್ಲೇ ನಿಂತ.

"ಅಯ್ಯೋ ಅಜ್ಜಿ, ಒಂದು ಫೋನ್ ಮಾಡಬಾರದಿತ್ತಾ?"

"ಸಾರು ಫೋನ್ ಮಾಡ್ಕೊಂಡು ಬತ್ತದಾ ಮಗ? ಆರೋಯ್ತದೆ, ಒಳಗೆ ಬಿಡು."

ಬಿಡದೆ ವಿಧಿಯಿರಲಿಲ್ಲ. ಇವತ್ತಿನ ಹಾವು ಬೇರೆಯೇ ಹಾವು. ತಲೆ ಎತ್ತಿ ಗಾಜಿನುದ್ದಕ್ಕೂ ಓಡಾಡುತ್ತಿತ್ತು, ನಾಲಿಗೆ ಒಂದೇ ಸಮ ಹೊರಗೆ ಒಳಗೆ ಆಡುತ್ತಿತ್ತು. ಗಂಟು ಕರಗಿತ್ತು. ಪೆಟ್ಟಿಗೆಯ ಬೀಗದ ಮೇಲೆ ಹೋದ ಸಲ ಇಲ್ಲದ ದಪ್ಪ ಟೇಪು.

"ಎತ್ತಿ ತೋರ್ಸಪ್ಪ," ಅಂದಳು ನಿಂಗಮ್ಮ.

"ಇವತ್ತು ಬೇಡ ಅಜ್ಜಿ. ಅದಕ್ಕೆ ಮೂಡ್ ಇಲ್ಲ."

"ಅದಕ್ಕೋ ನಿನಗೋ?"

ಅವನು ನಗಲು ನೋಡಿದ, ಆಗಲಿಲ್ಲ. ಶ್ರಿಯಾ ತಾನು ತಂದಿದ್ದ ಕೊಕ್ಕೆ ತೆಗೆದಳು. "ನಾನು ನೋಡ್ತೀನಿ. ಬರೀ ಮುಟ್ಟಿ ನೋಡೋದು, ಎತ್ತಲ್ಲ. ಅಜ್ಜಿ, ನೀನು ಹಿಂದೆ ನಿಂತ್ಕೊ."

ನಿಂಗಮ್ಮ ಹಿಂದೆ ನಿಲ್ಲಲಿಲ್ಲ. ಮೊಮ್ಮಗಳ ಕೈಗೂ ಆ ಬಾಯಿಗೂ ಎಷ್ಟು ದೂರ ಅಂತ ನೋಡಬೇಕಿತ್ತು ಅವಳಿಗೆ. ಶ್ರಿಯಾ ಟೇಪು ಕಿತ್ತು, ಬೀಗ ತೆಗೆದು, ಬಾಗಿಲು ಸರಿಸುತ್ತಿದ್ದ ಹಾಗೇ ಅವಳೂ ಒಂದು ಹೆಜ್ಜೆ ಮುಂದೆ ಬಂದಳು. ಕೈಚೀಲ ಕೈಯಲ್ಲೇ ಇತ್ತು.

ಶ್ರಿಯಾ ಕೊಕ್ಕೆಯಿಂದ ಹಾವಿನ ಬೆನ್ನು ಮುಟ್ಟಿದಳು, ಮೆತ್ತಗೆ. ಹಾವು ಅವಳ ಕಡೆ ತಿರುಗಲಿಲ್ಲ. ಪಕ್ಕಕ್ಕೆ ತಿರುಗಿತು. ಕತ್ತು ಕೊಂಕಿತು. ಆಮೇಲೆ ಆದದ್ದನ್ನು ಕಣ್ಣು ಹಿಡಿಯಲಿಲ್ಲ. ನಿಂಗಮ್ಮನ ಕೈಗೆ ಯಾರೋ ಒನಕೆಯಲ್ಲಿ ಗುದ್ದಿದ ಹಾಗಾಯಿತು, ಚೀಲ ಕೈ ಬಿಟ್ಟು ನೆಲಕ್ಕೆ ಬಿತ್ತು, ಹಾವು ಅದರ ಮೇಲೆಯೇ ಬಿತ್ತು. ಸುತ್ತಿತು, ಮತ್ತೆ ಸುತ್ತಿತು. ಒಳಗೆ ಕ್ಯಾರಿಯರ್ ಕಿರ್ ಅಂದಿತು.

ಮಯಾಂಕ್ ಗೋಡೆಗೆ ಅಂಟಿಕೊಂಡಿದ್ದ.

"ಯಾರೂ ಎಳೀಬೇಡಿ," ಅಂದಳು ಶ್ರಿಯಾ. ನಿಂತಲ್ಲಿಂದ ಕದಲಲಿಲ್ಲ. "ಹಲ್ಲು ಬಟ್ಟೆಗೆ ಸಿಕ್ಕಿದೆ. ಎಳೆದ್ರೆ ಮುರಿಯುತ್ತೆ. ಅಜ್ಜಿ, ನಿನ್ನ ಕೈ?"

"ಕೈ ಇದೆ."

"ಲೈಟ್ ಆಫ್ ಮಾಡಿ. ಊಟ ಅಲ್ಲ ಅಂತ ಗೊತ್ತಾದ್ರೆ ಅದೇ ಬಿಡುತ್ತೆ."

ಕಾದರು. ಪರದೆ ಸಂದಿಯ ಬೆಳಕಿನಲ್ಲಿ ಮೂವರೂ ನಿಂತರು. ಕೋಳಿ ಸಾರಿನ ಘಮ ರೂಮು ತುಂಬಿತು. ಬಹಳ ಹೊತ್ತಿನ ಮೇಲೆ ಹಾವು ಬಾಯಿ ಬಿಡಿಸಿಕೊಂಡಿತು, ಸುತ್ತು ಮಾತ್ರ ಬಿಡಲಿಲ್ಲ.

"ಈಗ ಬಾಲದ ಕಡೆಯಿಂದ ಬಿಚ್ಚಬೇಕು. ತಲೆ ನಾನು ನೋಡ್ಕೋತೀನಿ. ಮಯಾಂಕ್, ಬಾಲ ಹಿಡೀರಿ. ಮಯಾಂಕ್!"

ಮಯಾಂಕ್ ಬರಲಿಲ್ಲ. ತಲೆ ಅಲ್ಲಾಡಿಸಿದ, ಅಷ್ಟೇ.

ನಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೋಯುವ ಮಂಡಿ ಊರಿ ಕೂತು, ಬಾಲ ಹಿಡಿದಳು. ಲೋಳೆಯಾಗಿರುತ್ತದೆ ಅಂದುಕೊಂಡಿದ್ದಳು, ಒಣಗಿತ್ತು. ಬಾವಿಹಗ್ಗದ ಹಾಗಿತ್ತು, ಆದರೆ ಆ ಕೊನೆಯಲ್ಲಿ ಯಾರೋ ನಿಂತು ಎಳೆಯುತ್ತಿರುವ ಹಗ್ಗ. ಶ್ರಿಯಾ ಹೇಳಿದ ಹಾಗೆ ಒಂದೊಂದೇ ಸುತ್ತು ಬಿಚ್ಚಿದರು. ಅಜ್ಜಿ ಮೊಮ್ಮಗಳು ಹಿಂದೆ ಮುಂದೆ ಹಿಡಿದು, ಮೈಯೆಲ್ಲಾ ಬೆವೆತು, ಅದನ್ನು ಪೆಟ್ಟಿಗೆಗೆ ಬಿಟ್ಟು ಬೀಗ ಹಾಕಿದರು. ಕ್ಯಾರಿಯರ್ ನಡು ಒಂಚೂರು ತಗ್ಗಿತ್ತು. ಕೊಂಡಿ ಬಿಟ್ಟಿರಲಿಲ್ಲ.

ಸೋಪು ಹಾಕಿ ಕೈ ತೊಳೆಯುವಾಗ ನಿಂಗಮ್ಮ ಮಯಾಂಕನ ಕಡೆ ತಿರುಗಿದಳು. "ತೋಳು ಮಡಚು ಮಗ."

ಅವನು ಮಡಚಿದ. ಮೊಣಕೈ ಕೆಳಗೆ ಕಮಾನಿನ ಹಾಗೆ ಹಲ್ಲಿನ ಗುರುತು, ಸಾಲು ಸಾಲು.

"ಚಳಿಗಾಲದಲ್ಲಿ ಆಗಿದ್ದು," ಅಂದ. "ಕೈಯಲ್ಲೇ ಇಲಿ ಹಿಡಿದು ತಿನ್ನಿಸ್ತಿದ್ದೆ. ತಪ್ಪು ನಂದೇ, ಅದರದ್ದಲ್ಲ. ಆವತ್ತಿಂದ ಹಸಿದಾಗ ಮುಟ್ಟೋಕೆ ಧೈರ್ಯ ಇಲ್ಲ. ಹೆಂಡತಿಗೆ ಈಗ ಏಳು ತಿಂಗಳು. ಕಚ್ಚುತ್ತೆ ಅಂದ್ರೆ ಯಾರು ತಗೋತಾರೆ ಅಜ್ಜಿ?"

"ಇನ್ನೊಬ್ಬರ ಮನೆ ಮಗೀಗೆ ಕಚ್ಲಿ ಅಂತ ಸುಮ್ಮನಿದ್ದೆಯಾ?"

ಅವನು ಅಂಗಿಯ ತೋಳು ಕೆಳಕ್ಕೆಳೆದುಕೊಂಡ.

"ಇವತ್ತಿಂದು ಅವರ ತಪ್ಪಲ್ಲ ಅಜ್ಜಿ," ಅಂದಳು ಶ್ರಿಯಾ, ನಲ್ಲಿ ನಿಲ್ಲಿಸಿ. "ಹಸಿದ ಹಾವಿನ ಮುಂದೆ ಬಿಸಿ ಕೋಳಿ ಸಾರು ಹಿಡ್ಕೊಂಡು ನಿಂತವಳು ನೀನು. ಚೀಲ ಆಚೆ ಇಡು ಅಂತ ಹೇಳ್ದೆ ಹೋದವಳು ನಾನು."

ನಿಂಗಮ್ಮ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ಎಲ್ಲರ ಮುಖವನ್ನೂ ಅನುಮಾನದಿಂದ ನೋಡಿದ್ದಳು, ತನ್ನ ಕೈಚೀಲವೊಂದನ್ನು ಬಿಟ್ಟು.

ಕಾರಿನಲ್ಲಿ ಕೂತ ಮೇಲೆ ಶ್ರಿಯಾ ಕೀಲಿ ತಿರುಗಿಸಲಿಲ್ಲ. "ಹೇಳು ಅಜ್ಜಿ. ಹೂಂನಾ, ಉಹೂಂನಾ?"

"ಮೊದಲು ಆರಾಧ್ಯಾಗೆ ಫೋನ್ ಮಾಡು."

ಶ್ರಿಯಾ ಸ್ಟಿಯರಿಂಗ್ ಹಿಡಿದು ಸಣ್ಣ ದನಿಯಲ್ಲಿ, "ಅವಳಿಗೆ ಹಾವು ಕಂಡ್ರೆ ಭಯ. ನಾನು ಕೇಳೇ ಇಲ್ಲ," ಅಂದಳು.

"ಫ್ರಿಜ್ಜು ನೋಡ್ಕೊಂಡು ಹೇಳ್ದಾಗಲೇ ಅಂದ್ಕೊಂಡೆ."

"ಇವತ್ತು ಬಾಲ ಹಿಡಿದ್ಯಲ್ಲಾ ಅಜ್ಜಿ. ನೀನೇ..."

"ಹಿಡಿದೆ ಕಣವ್ವ. ನಾಳೆ ಮಂಡಿ ಹಿಡ್ಕೊಂಡು ಮಂಚದ ಮೇಲೆ ಬಿದ್ದಿರ್ತೀನಿ, ಆಗ? ಒಬ್ಬಳೇ ಬಾಗಿಲು ತೆಗೀತೀಯ. ತೆಗೆಯಲ್ಲ ಅಂತ ಹೇಳು, ನನ್ನ ಮುಖ ನೋಡಿ ಹೇಳು. ಹೇಳಿದ್ರೆ ಹೂಂ ಅಂತೀನಿ."

ಶ್ರಿಯಾ ಅಜ್ಜಿಯ ಮುಖ ನೋಡಿದಳು. ಕಣ್ಣು ತುಂಬಿ ಬಂತು.

"ಒಬ್ಬಳೇ ತೆಗೆದುಬಿಡ್ತೀನಿ," ಅಂದಳು ಕೊನೆಗೆ. "ನಮ್ಮನೇಲಿ ಅದನ್ನ ಹಿಡಿಯೋಕೆ ಇಬ್ಬರಿಲ್ಲ ಅಜ್ಜಿ. ಬೇಡ."

ಆ ಹುಡುಗಿ ಬಾಯಿಂದ ಬಂದ ಒಂದು ಮಾತನ್ನು ನಿಂಗಮ್ಮ ತೂಗಿ ನೋಡದೆ ನಂಬಿದ್ದು ಆಗ. ಮೊಮ್ಮಗಳ ತಲೆ ಸವರಿದಳು, ಕೈ ಇನ್ನೂ ಸೋಪಿನ ವಾಸನೆ ಹೊಡೆಯುತ್ತಿತ್ತು.

ಶ್ರಿಯಾಳೇ ಹುಡುಕಿ ಫೋನ್ ಮಾಡಿದಳು. ಮಾರಿಸ್‌ಟೌನ್ ಕಡೆ ಆಯೇಷಾ ಅಂತ ಒಬ್ಬಳು, ಜನ ಸಾಕಲಾರದೆ ಬಿಟ್ಟ ಹಾವು ಆಮೆಗಳನ್ನು ಇಟ್ಟುಕೊಂಡು ನೋಡಿಕೊಳ್ಳುವವಳು. ಕಚ್ಚಿದ ವಿಷಯ ಮೊದಲೇ ಹೇಳಿದರು. ಅವಳಿಗೆ ಅದೇನೂ ದೊಡ್ಡದಲ್ಲ, ಹಾವನ್ನು ತಾನೇ ಬಂದು ಒಯ್ಯುತ್ತೇನೆ ಅಂದಳು. ಶನಿವಾರ ಶನಿವಾರ ಬಾ, ನನ್ನ ಜೊತೆ ಎರಡನೇ ಕೈಯಾಗಿ ಕಲಿ, ಆಮೇಲೆ ನಿನಗೊಂದು ಸಣ್ಣದನ್ನ ನೋಡೋಣ ಅಂದಳಂತೆ ಶ್ರಿಯಾಗೆ. ಅನು ಇದಕ್ಕೂ ಅಜ್ಜಿ ಒಪ್ಪಿದರೆ ಅಂದಳು. ನಿಂಗಮ್ಮ ಹೇಳದೆ ಒಂದು ಸಲ ಅಲ್ಲಿಗೂ ಹೋಗಿ ನೋಡಬೇಕು ಅಂದುಕೊಂಡಿದ್ದಾಳೆ, ಬರಿಗೈಲಿ.

ಹಾವನ್ನು ಒಯ್ಯುವ ದಿನ ಅಜ್ಜಿ ಮೊಮ್ಮಗಳು ಪಾರ್ಸಿಪನಿಯಲ್ಲೇ ಇದ್ದರು. ವ್ಯಾನಿನಿಂದ ಆಯೇಷಾ ಇಳಿದಳು. ನಿಂಗಮ್ಮ ಅವಳ ಮುಖ ನೋಡದೆ ಅವಳ ಹಿಂದೆ ಯಾರು ಇಳಿಯುತ್ತಾರೆ ಅಂತ ನೋಡಿದಳು. ಇನ್ನೊಬ್ಬ ಇಳಿದ. ಆಗ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಹುಳ ಹೋದದ್ದು ಬುಧವಾರ. ಮಯಾಂಕ್ ಹೆಂಡತಿಯನ್ನು ಕರೆದುಕೊಂಡು ಟೆಕ್ಸಾಸಿಗೆ ಹೊರಟದ್ದು ಶುಕ್ರವಾರ.